ಅಡಿಕೆ ಸಸಿಯೂ ಐಸಿಯು ನರ್ಸೂ

ತೀರ್ಥಹಳ್ಳಿಯ ತಂಗಿಯ ಮಗಳು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಐಸಿಯು ಕೆಲಸದ ಸಂದರ್ಶನಕ್ಕೆ ಹೋಗಿದ್ದಳು. ವೆಂಟಿಲೇಟರ್ ಬಗ್ಗೆ ಕೇಳಿದ್ದಕ್ಕೆಲ್ಲ ಪಟಪಟ ಉತ್ತರ. ಕೊನೆಗೆ ಬಂತು ಬಾಣ: 'ಐದು ವರ್ಷ ಬಿಟ್ಟು ಎಲ್ಲಿರ್ತೀರಿ?'

ಇದಕ್ಕೆ ನೆಂಟರಲ್ಲಿ ಉತ್ತರ ಎಂದೋ ತಯಾರು. ಸಾಗರದ ಅತ್ತೆಯದು 'ಗಂಡನ ಮನೆ', ಹೊಸನಗರದ ದೊಡ್ಡಪ್ಪನದು 'ಸರ್ಕಾರಿ ನೌಕರಿ'. ಅವಳ ಮನಸ್ಸಿನಲ್ಲಿದ್ದದ್ದು ಜರ್ಮನಿ. ಮೂರನ್ನೂ ಬಾಯಿಬಿಡುವಂತಿಲ್ಲ!

'ಎಂತ ಹೇಳ್ದೆ ಕೂಸೇ?' ಅಂದೆ.

'ಗಂಟೆಗಂಟೆಗೂ ಬಿಪಿ, ಮೂತ್ರದ ಲೆಕ್ಕ ಬರೆಯೋರು ನಾವು ಮಾವ, ಐದು ವರ್ಷದ್ದು ಎಲ್ಲಿಂದ ತರಲಿ? ಮೊದಲು ಇಲ್ಲೇ ಕೈ ಪಳಗಿಸ್ಕೊಳ್ತೀನಿ, ಆಮೇಲೆ ಕ್ರಿಟಿಕಲ್ ಕೇರ್‌ನಲ್ಲಿ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಎಂ.ಎಸ್ಸಿ. ಮಾಡ್ತೀನಿ ಅಂದೆ.'

ಭೇಷ್! ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯುವ ನಮಗೆ ಈ ಲೆಕ್ಕ ಹೊಸದಲ್ಲ. ಆದರೆ ನಾವು ಸಸಿಯನ್ನು ಸಂದರ್ಶನ ಮಾಡುವುದಿಲ್ಲ. ನೀರು, ಗೊಬ್ಬರ ಕೊಟ್ಟು, ಬಿಸಿಲು ತಾಗದಂತೆ ಸೋಗೆ ಕಟ್ಟುತ್ತೇವೆ. ನರ್ಸ್ ಐದು ವರ್ಷ ನಿಲ್ಲಬೇಕೆನ್ನುವ ಆಸ್ಪತ್ರೆಯೂ ಅಷ್ಟು ಮಾಡಲಿ. ಸಸಿಗಾದರೆ ಕಾಲಿಲ್ಲ, ನರ್ಸಿಗೆ ಪಾಸ್‌ಪೋರ್ಟ್ ಇದೆ.