ಗೊತ್ತೈತಿ ಬಿಡ್ರಿ

ದಾವಣಗೆರೆಯಲ್ಲಿ ಜಾದೂ ಮಾಡುವವನಿಗೆ ಕೈಚಳಕಕ್ಕಿಂತ ತಾಳ್ಮೆ ಹೆಚ್ಚು ಬೇಕು. ಮೂರು ಬಟ್ಟಲು, ಒಂದು ಗೋಲಿ ಇನ್ನೂ ಚೀಲದಿಂದ ಹೊರಬಂದಿರುವುದಿಲ್ಲ, ಮುಂದಿನ ಸಾಲಿನಿಂದ ದನಿ ಬರುತ್ತದೆ: "ಗೊತ್ತೈತಿ ಬಿಡ್ರಿ, ತೋಳ್ನಾಗೈತಿ." ಯಾವ ಹೋಟೆಲಿನ ಬೆಣ್ಣೆದೋಸೆ ಅಸಲಿ ಎಂಬುದರಿಂದ ಹಿಡಿದು ಹತ್ತಿ ಗಿರಣಿಗಳು ಯಾಕೆ ಮುಚ್ಚಿದವು ಎಂಬುದರವರೆಗೆ ಎಲ್ಲವೂ ಎಲ್ಲರಿಗೂ ಗೊತ್ತಿರುವ ಊರು, ಜಾದೂ ಒಂದು ಬಿಟ್ಟೀತೇ? ನನ್ನ ಸೋದರಮಾವನಂತೂ ಜಾದೂಗಾರ ಅಂಗಿ ಕಳಚಿ ಬರಿಮೈಯಲ್ಲಿ ನಿಂತರೂ ತೋಳಿನಲ್ಲೇ ಇದೆ ಎನ್ನುವವನು.

ಇಂಥವರೇ ಜಾದೂಗಾರನ ಅನ್ನದಾತರು. ತೋಳನ್ನೇ ದಿಟ್ಟಿಸುವವನಿಗೆ ಅಂಗೈ ಕಾಣುವುದಿಲ್ಲ. ಜಾದೂಗಾರ ಬಲಗೈ ಬೀಸಿ ಮೇಲೆತ್ತಿ ತಾನೂ ಅದನ್ನೇ ನೋಡಿದರೆ ಸಭೆಯೂ ಅತ್ತಲೇ ನೋಡುತ್ತದೆ; ಗೋಲಿ ಎಡಗೈಯ ಬೆರಳಸಂದಿನಲ್ಲಿ ಹಾಯಾಗಿರುತ್ತದೆ. ಇದಕ್ಕೆ ಸುಲಭಕ್ಕೆ ಬಗ್ಗದವರು ಪುಟ್ಟ ಮಕ್ಕಳು. ಎಲ್ಲಿ ನೋಡಬೇಕೆಂದು ಅವಕ್ಕೆ ಇನ್ನೂ ಯಾರೂ ಕಲಿಸಿರುವುದಿಲ್ಲ.

ಇಲ್ಲಿಂದ ಸುಮಾರು 14 ಕಿ.ಮೀ. ದೂರದ ಹರಿಹರದ ಕಥೆಯೂ ಇದೇ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ವರ ಪಡೆದ ಗುಹಾಸುರ ಇಬ್ಬರ ಮೇಲೂ ಒಂದೊಂದು ಕಣ್ಣಿಟ್ಟು ಕೂತಿದ್ದ. ಅವರೋ ಒಂದೇ ಮೈಯಾಗಿ ಬಂದರು. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಆ ಅರ್ಧರ್ಧ ಮೂರ್ತಿ ಈಗಲೂ ಇದೆ.

ನಮ್ಮ ಸೀಮೆಯಲ್ಲಿ ಈ ವಿದ್ಯೆಯ ಹಳೇ ವಾರಸುದಾರರು ಸುಡುಗಾಡು ಸಿದ್ಧರು. ಸುಡುಗಾಡಿನ ಕಾಯಕದ ಜೊತೆಗೆ ಕಣಿ ಹೇಳುತ್ತ, ಕೈಚಳಕ ತೋರಿಸುತ್ತ ಊರೂರು ಅಲೆದವರು. ರಂಗದ ಜಾದೂಗಾರನ ಬೆನ್ನ ಹಿಂದೆ ಕರಿಪರದೆ. ಇವರ ಬೆನ್ನ ಹಿಂದೆಯೂ ಹುಡುಗರು. ಬಣ್ಣದ ದೀಪ, ಪೆಟ್ಟಿಗೆ, ಮೈಕು ಏನೂ ಇಲ್ಲದೆ ನಡುಬೀದಿಯಲ್ಲಿ ಕಣ್ಕಟ್ಟು ಮಾಡುವುದೇ ದೊಡ್ಡದೆಂದು ನನ್ನ ಪಕ್ಷಪಾತ.

ಸಂತೆಯ ಹಾವು-ಮುಂಗುಸಿಯವನನ್ನು ಈ ಸಾಲಿಗೆ ಸೇರಿಸಬೇಕೋ ಬೇಡವೋ. ಬುಟ್ಟಿಯಲ್ಲಿ ಹಾವು, ಗೂಟಕ್ಕೆ ಮುಂಗುಸಿ. ಈಗ ಕಾದಾಟ, ಇನ್ನೇನು ಕಾದಾಟ ಎನ್ನುತ್ತ ಕೊನೆಗೆ ತಾಯತ ಮಾರಿ ಗಂಟು ಕಟ್ಟುತ್ತಿದ್ದ. ಕಾದಾಟ ಕಣ್ಣಾರೆ ಕಂಡವರು ನನಗಿನ್ನೂ ಸಿಕ್ಕಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಾವೂ ಮುಂಗುಸಿಯೂ ನಿಧಾನಕ್ಕೆ ಬೀದಿಯಿಂದ ಮಾಯವಾದವು. ಅದೊಂದು ಆಟದಲ್ಲಿ ನಿಜವಾಗಿ ಮಾಯವಾದದ್ದು ಅವೆರಡೇ.

ಮಾವನ ಬಾಯಿ ಕಟ್ಟುತ್ತಿದ್ದದ್ದು ಮೋಡಿ ಆಟ ಮಾತ್ರ. ಒಬ್ಬ ಮೋಡಿ ಹಾಕಿ ವಸ್ತುಗಳನ್ನಿಡುತ್ತಾನೆ, ಎದುರಾಳಿ ಅವನ್ನು ಎತ್ತಬೇಕು. ಎತ್ತಲು ಬಂದವನು ಮುಗ್ಗರಿಸುತ್ತಾನೆ, ಹೊರಳಾಡುತ್ತಾನೆ, ಎದ್ದು ಮತ್ತೆ ಬರುತ್ತಾನೆ. "ಗೊತ್ತೈತೇನು ಮಾವ?" ಎಂದರೆ, "ಸುಮ್ನಿರಲೇ, ಇದು ವಿದ್ಯೆ" ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಹಾಗೆ ಹಿಂದೆ ಸರಿಯದೆ ಒರೆಗೆ ಹಚ್ಚಿದವರೂ ಇದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆಂದೇ ಸಮಿತಿ ಮಾಡಿದ್ದರು. ಆಮೇಲೆ ಹುಲಿಕಲ್ ನಟರಾಜ್ ವೇದಿಕೆ ಮೇಲೆ ತಾವೇ ಪವಾಡ ಮಾಡಿ, ತಾವೇ ಅದರ ಗುಟ್ಟು ಬಿಚ್ಚುತ್ತ ನಾಡು ಸುತ್ತಿದರು. ಮಾವನ ತೀರ್ಪು: "ಅದು ನಂಗ ಮೊದ್ಲೇ ಗೊತ್ತಿತ್ತು."

ಇನ್ನು ಅಂಗಡಿ. ಜಾದೂಗಾರನಿಗೆ ಬೇಕಾದ ಬಳೆ, ರೇಷ್ಮೆ ವಸ್ತ್ರ, ಸ್ಪಂಜಿನ ಚೆಂಡು ದೊಡ್ಡ ಊರುಗಳಿಂದ ಬರಬೇಕು. ನಮಗೆ ಗೊತ್ತಿರುವ ಜಾದೂ ಅಂಗಡಿ ಎಂದರೆ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ಗೋಣಿಚೀಲದ ಮೇಲೆ ಹರಡಿದ್ದು. ಅಲ್ಲಿ ಮಾಯಾ ಪುಸ್ತಕ ಸಿಗುತ್ತದೆ: ಒಮ್ಮೆ ಸರ್ರನೆ ಹಾಳೆ ಹಾರಿಸಿದರೆ ಬರೀ ಬಿಳಿ, ಇನ್ನೊಮ್ಮೆ ಗೆರೆಚಿತ್ರ, ಮತ್ತೊಮ್ಮೆ ಬಣ್ಣ. ಹಾಳೆಯ ಅಂಚನ್ನು ಉದ್ದ-ಗಿಡ್ಡ ಕತ್ತರಿಸಿರುತ್ತಾರೆ, ಹೆಬ್ಬೆರಳು ಎಲ್ಲಿ ಹಿಡಿಯಿತೋ ಆ ಪುಟಗಳಷ್ಟೇ ಬೀಳುತ್ತವೆ. ದುಡ್ಡು ಎಣಿಸಿಕೊಂಡ ಮೇಲೆ ಮಾರುವವನು ಇಷ್ಟನ್ನೂ ಮಾವನಿಗೆ ಪ್ರಾಮಾಣಿಕವಾಗಿ ತೋರಿಸಿದ. ಮಾವ ಅಂಚು ಸವರಿ ನೋಡಿ, "ಇಷ್ಟೇ ಇರಾಂಗಿಲ್ಲ, ಒಳಗ ಬ್ಯಾರೆ ಏನೋ ಐತಿ" ಎಂದು, ಬಿಚ್ಚಿ ನೋಡಲಿಕ್ಕೆಂದೇ ಇನ್ನೊಂದು ಕೊಂಡ.