ಸಂಪುಟರಾಯರು

ನಮ್ಮ ಆಫೀಸಿನಲ್ಲಿ ಅವರ ನಿಜವಾದ ಹೆಸರು ಪೇ ಸ್ಲಿಪ್ಪಿನಲ್ಲಿ ಮಾತ್ರ ಉಳಿದಿದೆ. ಮಿಕ್ಕೆಲ್ಲ ಕಡೆ ಅವರು ಸಂಪುಟರಾಯರು. ಅಮೆರಿಕದ ರಾಬರ್ಟ್ ಜೋರ್ಡನ್ 1990ರಲ್ಲಿ ಶುರುಮಾಡಿದ ‘ದಿ ವೀಲ್ ಆಫ್ ಟೈಮ್’ ಎಂಬ ಫ್ಯಾಂಟಸಿ ಕಾದಂಬರಿ ಸರಣಿಯ ಪರಮಭಕ್ತರು; ಭಕ್ತಿ ಹೋಗಿ ಎಷ್ಟೋ ವರ್ಷವಾದರೂ ಪೂಜೆ ಬಿಡದವರು.

ಭಕ್ತಿಯ ಕಾಲದಲ್ಲಿ, ಹೊಸಬರು ಯಾರೇ ಕೆಲಸಕ್ಕೆ ಸೇರಲಿ, ಮೊದಲ ಸಂಪುಟ ಅವರ ಕೈ ಸೇರುತ್ತಿತ್ತು. “ಮೊದಲ ನೂರು ಪುಟ ಹಲ್ಲು ಕಚ್ಚಿಕೊಂಡು ಓದಿ ಸಾರ್. ಆಮೇಲೆ ನೀವೇ ಊಟ ಬಿಡ್ತೀರಿ.” ಕ್ಯಾಂಟೀನಿನಲ್ಲಿ ಚಟ್ನಿ ಬಟ್ಟಲು, ನೀರಿನ ಲೋಟ, ಉಪ್ಪಿನ ಡಬ್ಬಿ ಜೋಡಿಸಿ ಆ ಲೋಕದ ಭೂಪಟ ಹಾಕುವರು. ಹಳ್ಳಿ ಬಿಟ್ಟು ಹೊರಟ ರ‍್ಯಾಂಡ್, ಮ್ಯಾಟ್, ಪೆರಿನ್ ಎಂಬ ಮೂವರು ಹುಡುಗರು ಚಟ್ನಿ ದಾಟಿ ಉಪ್ಪಿನವರೆಗೆ ಬರುವಷ್ಟರಲ್ಲಿ ನಮ್ಮ ವಡೆ ತಣ್ಣಗಾಗಿರುತ್ತಿತ್ತು. 1994ರ ಹೊತ್ತಿಗೆ ಆರು ಸಂಪುಟ ಬಂದಿದ್ದವು. ಎರಡು ಸಾವಿರಕ್ಕೂ ಹೆಚ್ಚು ಪಾತ್ರಗಳಿರುವ ಆ ಸರಣಿಯ ಹೆಸರುಗಳೆಲ್ಲ ರಾಯರ ನಾಲಿಗೆ ತುದಿಯಲ್ಲಿ. ಸ್ವಂತ ಷಡ್ಡಕನ ಹೆಸರಿಗೆ ಮಾತ್ರ ತಡವರಿಸುವರು.

ತಾಪತ್ರಯ ಶುರುವಾದದ್ದು ಏಳನೆಯದರಿಂದ. 1996ರ ಆ ಸಂಪುಟದ ಕೊನೆಗೆ ಮ್ಯಾಟ್‌ನ ಮೇಲೆ ಗೋಡೆ ಕುಸಿಯಿತು. ಬದುಕಿದನೋ ಸತ್ತನೋ? ರಾಯರು ಚರ್ಚ್ ಸ್ಟ್ರೀಟಿನ ಅಂಗಡಿಯಲ್ಲಿ ಹೇಳಿಟ್ಟು ಕಾದರು. 1998ರಲ್ಲಿ ಎಂಟನೆಯದು ಬಂತು. ಮ್ಯಾಟ್ ಒಮ್ಮೆಯೂ ಎದುರಿಗೆ ಬರಲಿಲ್ಲ. ಅವನು ಎದ್ದು ಬಂದದ್ದು 2000ದ ಒಂಬತ್ತನೆಯದರಲ್ಲಿ. “ನಮ್ಮ ಕಾರ್ಪೊರೇಷನ್ನಿನವರಾದರೂ ಇಷ್ಟರೊಳಗೆ ಮಣ್ಣು ತೆಗೆದಿರೋರು ಕಣ್ರೀ!” ಎಂದರು ರಾಯರು. ನಾವು ಅವರ ಬಾಯಿಂದ ಕೇಳಿದ ಮೊದಲ ನಿಂದೆ ಅದು.

ಆಮೇಲೆ ಗುಣಗಳೆಲ್ಲ ದೋಷಗಳಾದವು. ನೈನೀವ್ ಎಂಬಾಕೆ ಸಿಟ್ಟು ಬಂದಾಗಲೆಲ್ಲ ತನ್ನ ಜಡೆ ಜಗ್ಗಿಕೊಳ್ಳುತ್ತಾಳೆ. ಮೂರನೆಯ ಸಂಪುಟದ ಕಾಲಕ್ಕೆ ಅದು “ಆಹಾ, ಎಂಥ ಪಾತ್ರಚಿತ್ರಣ!” ಒಂಬತ್ತರ ಹೊತ್ತಿಗೆ, “ಇಷ್ಟೊತ್ತಿಗೆ ಬೋಳಾಗಿರಬೇಕಿತ್ತು.”

ಅವರ ಮನೆಯ ಕಪಾಟು ನೋಡಿದರೆ ಸಾಕು, ಮತ್ತೇನೂ ಕೇಳಬೇಕಿಲ್ಲ. ಮೊದಲ ಸಂಪುಟದ ಬೆನ್ನು ಸೀಳಿ ಸೆಲೋಟೇಪು ಬಿದ್ದಿದೆ, ಪುಟಗಳಿಗೆ ಕೋಡುಬಳೆಯ ಎಣ್ಣೆ ಹತ್ತಿದೆ. ಐದನೆಯದಕ್ಕೆ ಕಂದು ಬೈಂಡು. ಎಂಟರ ಬೆನ್ನಿನ ಮೇಲೆ ಎರಡೇ ಗೆರೆ. ಹತ್ತನೆಯದು ಅಂಗಡಿಯಿಂದ ಈಗತಾನೇ ಬಂದ ಹಾಗಿದೆ. ನಡುವೆ ಸಿಕ್ಕಿಸಿಟ್ಟ ಬಸ್ ಟಿಕೆಟ್ಟಿನ ಅಚ್ಚು ಮಾಸಿ ಬಿಳಿಯ ಚೀಟಿಯಾಗಿದೆ.

2003ರ ಆ ಹತ್ತನೆಯದರ ಸುದ್ದಿ ಎತ್ತಿದರೆ ರಾಯರಿಗೆ ಇಂದಿಗೂ ಬಿ.ಪಿ. ಏರುತ್ತದೆ. ಒಂಬತ್ತರ ಕೊನೆಯಲ್ಲಿ ಒಂದು ಭಾರೀ ಮಾಂತ್ರಿಕ ಕಾರ್ಯ ನಡೆದುಹೋಗಿರುತ್ತದೆ. ಹತ್ತರಲ್ಲಿ ಬೇರೆ ಬೇರೆ ಊರಿನವರು ಸರದಿಯ ಮೇಲೆ ಆ ದಿಕ್ಕಿಗೆ ತಿರುಗಿ, ಅಲ್ಲೇನೋ ಆಗುತ್ತಿದೆ ಎಂದು ಬೆರಗಾಗುತ್ತಾರೆ. ಇತ್ತ ಪೆರಿನ್‌ನ ಹೆಂಡತಿಯನ್ನು ಶತ್ರುಗಳು ಎತ್ತಿಕೊಂಡು ಹೋಗಿದ್ದಾರೆ. ರಾಯರ ತಾಯಿ ಅವರೆಕಾಳು ಹಿಸುಕುತ್ತ ವಿಚಾರಿಸಿದರು, “ಏನೋ, ಆ ಹುಡುಗಿ ಸಿಕ್ಕಳೇನೋ?”

“ಇಲ್ಲಮ್ಮ. ಹಿಮದಲ್ಲಿ ಡೇರೆ ಹಾಕ್ಕೊಂಡು ಯೋಚನೆ ಮಾಡ್ತಿದಾನೆ.”

“ನಮ್ಮ ಹನುಮಂತ ಒಂದೇ ಕಾಂಡದಲ್ಲಿ ಸಮುದ್ರ ಹಾರಿ, ಸೀತಮ್ಮನ್ನ ಕಂಡು, ಲಂಕೆ ಸುಟ್ಟು ವಾಪಸ್ ಬಂದ ಕಣೋ.”

ರಾಯರು ಉತ್ತರ ಕೊಡಲಿಲ್ಲ. ಆ ಹೆಂಡತಿ ಬಿಡುಗಡೆಯಾದದ್ದು 2005ರಲ್ಲಿ, ಹನ್ನೊಂದನೆಯ ಸಂಪುಟದಲ್ಲಿ.

ಇಷ್ಟಾದರೂ ಬಿಡಲಿಲ್ಲವೇಕೆ? ಒಂದು, ಕೊಟ್ಟ ದುಡ್ಡು. ಎರಡು, ಅದಕ್ಕಿಂತ ಭಾರವಾದದ್ದು, ಶಿಷ್ಯವರ್ಗ. ರಾಯರ ಮಾತು ಕೇಳಿ ಶುರುಮಾಡಿ ಎಂಟರಲ್ಲಿ ಹೂತುಕೊಂಡವರು ಲಿಫ್ಟಿನಲ್ಲಿ ತಡೆದು, “ಎಲ್ಲಿಗೆ ತಂದು ಬಿಟ್ರಿ ಸಾರ್?” ಎನ್ನುವರು. ತಾವು ಬೆಳಗಿಂದ ಬೈದಿದ್ದರೂ ಇನ್ನೊಬ್ಬರು ಬೈದರೆ ರಾಯರಿಗೆ ತಡೆಯದು. “ಬೈಯೋ ಹಕ್ಕು ಹತ್ತು ಮುಗಿಸಿದವರಿಗೆ ಮಾತ್ರ!”

2007ರ ಸೆಪ್ಟೆಂಬರಿನಲ್ಲಿ ಸರಣಿ ಮುಗಿಸದೆಯೇ ಜೋರ್ಡನ್ ತೀರಿಕೊಂಡರು. ಅಷ್ಟು ವರ್ಷ ಶಪಿಸಿದ್ದ ರಾಯರು ಆ ದಿನ ಡಬ್ಬಿ ಬಿಚ್ಚಲಿಲ್ಲ. ಜೋರ್ಡನ್ ಬಿಟ್ಟುಹೋದ ಟಿಪ್ಪಣಿಗಳನ್ನು ಹಿಡಿದು ಬ್ರ್ಯಾಂಡನ್ ಸ್ಯಾಂಡರ್ಸನ್ ಮುಂದುವರಿಸಿದರು. ಒಂದೇ ಸಂಪುಟದಲ್ಲಿ ಮುಗಿಯಬೇಕಿದ್ದ ಕೊನೆ ಮೂರು ಸಂಪುಟವಾಯಿತು. 2013ರಲ್ಲಿ ಹದಿನಾಲ್ಕನೆಯದನ್ನು ಮುಚ್ಚಿದ ರಾಯರು ಸ್ವೀಟು ಹಂಚಿದರು. ಹೇಗಿತ್ತು ಎಂದದ್ದಕ್ಕೆ, “ಮುಗೀತು” ಎಂದರು. ಇನ್ನು ಮೇಲೆ ಪೂರ್ತಿ ಬರೆದು ಮುಗಿಯದ ಸರಣಿಯನ್ನು ಮುಟ್ಟುವುದಿಲ್ಲ ಎಂದೂ ಘೋಷಿಸಿದರು.

ಮೊನ್ನೆ ನೋಡಿದರೆ ಅವರ ಕೈಯಲ್ಲಿ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಗೇಮ್ ಆಫ್ ಥ್ರೋನ್ಸ್’. ಆ ಸರಣಿಯ ಐದನೆಯ ಸಂಪುಟ ಬಂದದ್ದು 2011ರಲ್ಲಿ; ಆರನೆಯದಕ್ಕೆ ಓದುಗರು ಅಂದಿನಿಂದ ಕಾಯುತ್ತಲೇ ಇದ್ದಾರೆ. ಘೋಷಣೆಯನ್ನು ನೆನಪಿಸಿದೆ. ರಾಯರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಅದೇ ಅನುಕೂಲ ಕಣ್ರೀ. ಮುಂದಿನದು ಬಂದರೆ ತಾನೇ ಕೆಡೋದು!”