ಮೆಕ್ಕೆಜೋಳದ ಅರಮನೆ ದರ್ಶನ ವಿಧಿ: ಒಂದು ಶಾಸ್ತ್ರೀಯ ಮೀಮಾಂಸೆ

ಪೀಠಿಕೆ

ಅಮೆರಿಕದ ದೊಡ್ಡ ಊರುಗಳ ಬಗ್ಗೆ ಕನ್ನಡದಲ್ಲಿ ಪ್ರವಾಸ ಕಥನಗಳಿಗೆ ಬರವಿಲ್ಲ. ನಯಾಗರದ ಮುಂದೆ ಪ್ಲಾಸ್ಟಿಕ್ ರೈನ್‌ಕೋಟ್ ತೊಟ್ಟು ನಿಂತ ಲೇಖಕರ ಭಾವಚಿತ್ರವಿಲ್ಲದ ಗ್ರಂಥಾಲಯವೊಂದನ್ನು ಯಾರಾದರೂ ತೋರಿಸಿಕೊಟ್ಟರೆ ಪ್ರಬಂಧಕಾರನು ಈ ಮೀಮಾಂಸೆಯನ್ನೇ ಹಿಂತೆಗೆದುಕೊಳ್ಳಲು ಸಿದ್ಧನಿದ್ದಾನೆ. ಸಣ್ಣ ಊರುಗಳ ವಿಷಯದಲ್ಲಿ ಮಾತ್ರ ನಮ್ಮ ವಿದ್ವತ್ತು ಪೆಟ್ರೋಲ್ ಬಂಕಿನಿಂದ ಆಚೆಗೆ ಹೋಗಿಲ್ಲ. ಈ ಲೋಪವನ್ನು ನೀಗಲೆಂದು ಸೌತ್ ಡಕೋಟ ರಾಜ್ಯದ ಮಿಚೆಲ್ ಎಂಬ, ಹದಿನೈದು ಸಾವಿರ ಚಿಲ್ಲರೆ ಜನರಿರುವ ಊರನ್ನು ಪ್ರಕೃತ ಅಧ್ಯಯನಕ್ಕೆ ಆರಿಸಿಕೊಳ್ಳಲಾಗಿದೆ.

ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧಗಳು ಬೇಕೆಂದು ಹಿರಿಯರು ಹೇಳಿದ್ದಾರೆ. ಇಲ್ಲಿ ವಿಷಯ ಮೆಕ್ಕೆಜೋಳ. ಪ್ರಯೋಜನ ಬೆನ್ನುಮೂಳೆಗೆ ವಿಶ್ರಾಂತಿ. ಸಂಬಂಧ ಎಂದರೆ ಮಗ, ಸೊಸೆ ಮತ್ತು ಜೊತೆಗೆ ಬಂದ ಬೀಗರು. ಅಧಿಕಾರಿ ಯಾರೆಂದರೆ, ಮಿನಿಯಾಪೊಲಿಸ್‌ನಿಂದ ಮೌಂಟ್ ರಶ್ಮೋರ್ ನೋಡಲು ಹೊರಟ ಬಾಡಿಗೆ ವ್ಯಾನಿನ ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವರು.

ಶಾಸನಾಧಾರಗಳು

ಈ ಸೀಮೆಯ ಇತಿಹಾಸಕ್ಕೆ ಮುಖ್ಯ ಆಕರ ಐ-90 ಹೆದ್ದಾರಿಯ ಇಕ್ಕೆಲಗಳಲ್ಲಿ ನೆಟ್ಟ ಶಾಸನಗಳು. ಸ್ಥಳೀಯರು ಅವನ್ನು ಬಿಲ್‌ಬೋರ್ಡ್ ಎನ್ನುತ್ತಾರೆ. ಇವುಗಳಲ್ಲಿ ಎರಡು ಪ್ರಭೇದ. ಮೊದಲನೆಯವು ಮಿಚೆಲ್‌ನಲ್ಲಿ ಜಗತ್ತಿನ ಏಕೈಕ ಕಾರ್ನ್ ಪ್ಯಾಲೇಸ್, ಅಂದರೆ ಮೆಕ್ಕೆಜೋಳದ ಅರಮನೆ, ಇದೆಯೆಂದು ಸಾರುತ್ತವೆ. ಎರಡನೆಯವು ಅಲ್ಲಿಂದ ಪಶ್ಚಿಮಕ್ಕೆ ಮೂರೂವರೆ ನೂರು ಕಿಲೋಮೀಟರ್ ಆಚೆ, ವಾಲ್ ಎಂಬ ಹಳ್ಳಿಯ ಔಷಧಿ ಅಂಗಡಿಯಲ್ಲಿ ಐಸ್ ನೀರು ಪುಕ್ಕಟೆ ಸಿಗುತ್ತದೆಂದು ಸಾರುತ್ತವೆ. ಈ ಎರಡನೆಯ ಪರಂಪರೆ 1936ರಷ್ಟು ಹಳೆಯದು. ನಮ್ಮ ಅರಸರು ದಾನ ಕೊಟ್ಟಾದ ಮೇಲೆ ಶಾಸನ ಹಾಕಿಸುತ್ತಿದ್ದರು. ಇಲ್ಲಿ ದಾನಕ್ಕೆ ನೂರಾರು ಕಿಲೋಮೀಟರ್ ಮುಂಚಿನಿಂದಲೇ ಶಾಸನ. ಒಂದು ಲೋಟ ನೀರಿಗೆ ಇಷ್ಟೊಂದು ಲಿಪಿ ಖರ್ಚು ಮಾಡಿದ ನಾಗರಿಕತೆ ಬೇರೊಂದು ಇರಲಾರದು.

ಪೂರ್ವಪಕ್ಷ

ಮಿಚೆಲ್‌ನಲ್ಲಿ ಏಕೆ ಇಳಿಯಬೇಕು ಎಂಬ ಪ್ರಶ್ನೆಗೆ ಪೂರ್ವಾಚಾರ್ಯರಲ್ಲಿ ಮೂರು ಪಂಥಗಳಿವೆ. ಕಾರಿಗಾಗಿ ಎನ್ನುವವರು ಇಂಧನವಾದಿಗಳು. ಅತ್ತೆ ಮಾವಂದಿರಿಗಾಗಿ ಎನ್ನುವವರು ಶೌಚವಾದಿಗಳು. ವಾಟ್ಸಾಪ್ ಗುಂಪಿಗಾಗಿ ಎನ್ನುವವರು ಫೋಟೋವಾದಿಗಳು. ಇಪ್ಪತ್ತು ನಿಮಿಷದೊಳಗೆ ಮತ್ತೆ ವ್ಯಾನ್ ಹತ್ತಬೇಕೆಂಬುದರಲ್ಲಿ ಮಾತ್ರ ಮೂವರದೂ ಒಮ್ಮತ. ಗ್ರಾನೈಟ್ ಗುಡ್ಡದಲ್ಲಿ ಕೆತ್ತಿದ ನಾಲ್ವರು ಅಧ್ಯಕ್ಷರು ಇನ್ನೂ ನಾಲ್ಕು ಗಂಟೆಗೂ ಮಿಕ್ಕಿದ ದಾರಿಯಲ್ಲಿ ಕಾಯುತ್ತಿದ್ದಾರಂತೆ. ಆ ನಾಲ್ವರ ಕೆತ್ತನೆ ನಿಂತದ್ದು 1941ರಲ್ಲಿ. ಇನ್ನೊಂದು ದಿನ ಕಾಯಲು ಅವರಿಗೇನೂ ತೊಂದರೆಯಾಗದು ಎಂಬ ಸರಳ ತರ್ಕ ಮೂರೂ ಪಂಥದವರಿಗೆ ಹೊಳೆದಂತಿಲ್ಲ.

ವಾಸ್ತುವಿಚಾರ

ವ್ಯಾನಿನಿಂದ ಇಳಿದ ಕೂಡಲೇ ನಡೆಯುವ ಸಂವಾದವನ್ನು ಶಾಸ್ತ್ರದ ಅನುಕೂಲಕ್ಕಾಗಿ ಇಲ್ಲಿ ಕ್ರೋಡೀಕರಿಸಲಾಗಿದೆ.

"ಏನೋ ಇದು, ಮಸೀದಿಯೇನೋ?"

"ಅಲ್ಲಪ್ಪಾ, ಬಾಸ್ಕೆಟ್‌ಬಾಲ್ ಕೋರ್ಟು."

"ಗೋಡೆ ತುಂಬ ಜೋಳ ಹೊಡೆದಿದಾರಲ್ಲೋ, ಇಲಿ ಬರಲ್ವಾ?"

"ಹಕ್ಕಿ ಬರ್ತವಮ್ಮಾ."

ಈ ನಾಲ್ಕು ವಾಕ್ಯಗಳಲ್ಲಿ ಕಟ್ಟಡದ ಸಮಸ್ತ ಲಕ್ಷಣವೂ ಅಡಕವಾಗಿದೆ. ಈಗಿರುವ ಕಟ್ಟಡ 1921ರದು. ಈರುಳ್ಳಿ ಆಕಾರದ ರಷ್ಯನ್ ಗುಮ್ಮಟಗಳೂ ಮೂರಿಶ್ ಮಾದರಿಯ ಮಿನಾರುಗಳೂ 1937ರಲ್ಲಿ ತಲೆಯೇರಿದವು. ಒಳಗಿರುವ ಕೋರ್ಟಿನಲ್ಲಿ ಊರಿನ ಹೈಸ್ಕೂಲ್ ತಂಡ ಆಡುತ್ತದೆ. ತಂಡದ ಹೆಸರು ಕರ್ನಲ್ಸ್, ಅಂದರೆ ಜೋಳದ ಕಾಳುಗಳು. ಬೇಸಿಗೆಯಲ್ಲಿ ಅದೇ ನೆಲದ ಮೇಲೆ ಅಂಗಡಿ ಹರಡಿ ಪಾಪ್‌ಕಾರ್ನ್ ಉಂಡೆ ಮಾರುತ್ತಾರೆ.

ಹೊರಗೋಡೆಯ ಚಿತ್ರಗಳಿಗೆ ಬಣ್ಣದ ಡಬ್ಬಿ ಬಳಸುವುದಿಲ್ಲ. ಟಾರು ಕಾಗದದ ಮೇಲೆ ಚಿತ್ರದ ಗೆರೆ ಹಾಕಿ, ಯಾವ ಜಾಗಕ್ಕೆ ಯಾವ ಬಣ್ಣವೆಂದು ಗುರುತು ಬರೆಯುತ್ತಾರೆ. ತೆನೆಯನ್ನು ಉದ್ದಕ್ಕೆ ಗರಗಸದಲ್ಲಿ ಎರಡು ಹೋಳು ಮಾಡಿ, ಚಪ್ಪಟೆ ಮೈ ಒಳಗಾಗಿ ಗೋಡೆಗೆ ಮೊಳೆ ಹೊಡೆಯುತ್ತಾರೆ. ಕೆಂಪು, ಕಪ್ಪು, ನೀಲಿ, ಬಿಳಿ, ಕಂದು, ಹಳದಿ, ಇವೆಲ್ಲ ಕಾಳಿನ ಹುಟ್ಟುಬಣ್ಣಗಳೇ. ಪರಾಗ ಬೆರೆತು ಬಣ್ಣ ಕೆಡಬಾರದೆಂದು ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಬೆಳೆಯುತ್ತಾರೆ. ಅಂಚುಗಳಿಗೆ ರೈ ಹುಲ್ಲಿನ ಕಟ್ಟು. ಆಗಸ್ಟ್ ಕೊನೆಯ ಹೊತ್ತಿಗೆ ಹಳೆಯದನ್ನೆಲ್ಲ ಕಿತ್ತು, ಹೊಸ ವಿಷಯದ ಮೇಲೆ ಹೊಸ ಚಿತ್ರ ಶುರುಮಾಡುತ್ತಾರೆ. ನಡುವೆ ಕಲಾವಿಮರ್ಶೆಯ ಹೊಣೆ ಪಾರಿವಾಳಗಳದು. ಜಗತ್ತಿನ ಅತಿ ದೊಡ್ಡ ಹಕ್ಕಿ ಮೇವಿನ ತಟ್ಟೆ ಎಂಬ ಅಡ್ಡಹೆಸರು ಈ ಅರಮನೆಗೆ ಬಂದದ್ದು ಅವುಗಳ ಕೃಪೆಯಿಂದ.

ಸ್ಥಳಪುರಾಣ

ಸೌತ್ ಡಕೋಟ ರಾಜ್ಯವಾದದ್ದು 1889ರಲ್ಲಿ. ಇಲ್ಲಿನ ಮಣ್ಣಿನಲ್ಲಿ ಏನೂ ಬೆಳೆಯದೆಂಬ ಅಪಖ್ಯಾತಿಯನ್ನು ತೊಡೆಯಲು ಊರಿನವರು 1892ರಲ್ಲಿ ಮೊದಲ ಅರಮನೆ ಕಟ್ಟಿದರು. ಕಲ್ಪನೆ ಅವರದೇನಲ್ಲ. ಅಯೋವದ ಸೂ ಸಿಟಿ 1887ರಿಂದಲೇ ಇಂಥ ಅರಮನೆಗಳನ್ನು ಕಟ್ಟಿ, 1891ರ ಹೊತ್ತಿಗೆ ಕೈಬಿಟ್ಟಿತ್ತು. ಬಿಟ್ಟದ್ದನ್ನು ಮಿಚೆಲ್ ಎತ್ತಿಕೊಂಡಿತು.

ಆಮೇಲೆ ಊರಿಗೆ ರಾಜಧಾನಿಯಾಗುವ ಆಸೆ ಹುಟ್ಟಿತು. ಪಿಯರ್ ಪಟ್ಟಣದೊಡನೆ ಹೋರಾಟಕ್ಕೆ ಬಿದ್ದು 1904ರಲ್ಲಿ ಮತದಾನವೂ ನಡೆಯಿತು. ರೈಲ್ವೆ ಕಂಪನಿಗಳು ಮತದಾರರನ್ನು ಎರಡೂ ಊರಿಗೆ ಪುಕ್ಕಟೆಯಾಗಿ ಹೊತ್ತು ತಿರುಗಿದವು. ಪಿಯರ್ ಗೆದ್ದಿತು. ಮಿಚೆಲ್ 1905ರಲ್ಲಿ ಇನ್ನೂ ದೊಡ್ಡದೊಂದು ಅರಮನೆ ಕಟ್ಟಿತು.

ಈ ಊರಿನ ಹುಡುಗ ಜಾರ್ಜ್ ಮೆಕ್‌ಗವರ್ನ್ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ನಡೆಸಿ, ಇಲ್ಲಿಯ ಡಕೋಟ ವೆಸ್ಲಿಯನ್ ವಿದ್ಯಾಲಯದಲ್ಲಿ ಇತಿಹಾಸ ಮೇಷ್ಟರಾಗಿ, 1972ರಲ್ಲಿ ನಿಕ್ಸನ್ ಎದುರು ಅಧ್ಯಕ್ಷ ಪದವಿಗೆ ನಿಂತರು. ಐವತ್ತು ರಾಜ್ಯಗಳಲ್ಲಿ ಗೆದ್ದದ್ದು ಮ್ಯಾಸಚೂಸೆಟ್ಸ್ ಒಂದನ್ನೇ. ತವರು ರಾಜ್ಯವೂ ಕೈಕೊಟ್ಟಿತು. ವಿದ್ಯಾಲಯ ಅವರ ಹೆಸರಿನಲ್ಲಿ ಗ್ರಂಥಾಲಯ ತೆರೆದಿದೆ.

ಅರಮನೆಯ ಚಿತ್ರಗಳನ್ನು 1948ರಿಂದ 1971ರವರೆಗೆ ರೂಪಿಸಿಕೊಟ್ಟವರು ಡಕೋಟ ಎಂಬ ಮೂಲನಿವಾಸಿ ಜನಾಂಗದ ಕಲಾವಿದ ಆಸ್ಕರ್ ಹೋವ್. 1958ರಲ್ಲಿ ಟಲ್ಸಾದ ಕಲಾಸ್ಪರ್ಧೆಯೊಂದು ಅವರ ಚಿತ್ರವನ್ನು, ಇದು ಸಾಂಪ್ರದಾಯಿಕ ಇಂಡಿಯನ್ ಶೈಲಿಯದಲ್ಲವೆಂದು ಬಹುಮಾನಕ್ಕೆ ಅನರ್ಹಗೊಳಿಸಿತು. ಇಂಡಿಯನ್ ಚಿತ್ರ ಹೇಗಿರಬೇಕೆಂದು ಇಂಡಿಯನ್ನನಿಗೇ ಪಾಠ! ಹೋವ್ ಖಾರವಾದ ಪತ್ರ ಬರೆದು ಪ್ರತಿಭಟಿಸಿದರು. ಇಂದು ಆ ಪತ್ರವನ್ನು ಕಲೆಯ ಇತಿಹಾಸದಲ್ಲಿ ಪಾಠವಾಗಿ ಓದುತ್ತಾರೆ.

ಸಿದ್ಧಾಂತ

ಮೇಲಿನ ಪ್ರಮಾಣಗಳಿಂದ ನಿಷ್ಪನ್ನವಾಗುವುದೇನೆಂದರೆ, ಪ್ರವಾಸಯೋಗ್ಯತೆಗೆ ಮೂಲದ್ರವ್ಯ ಸೋಲು. ಗೆದ್ದ ಊರಿಗೆ ಕಚೇರಿಗಳು ಬರುತ್ತವೆ, ಕಚೇರಿ ನೋಡಲು ಯಾರೂ ಮಕ್ಕಳನ್ನು ಕರೆದೊಯ್ಯುವುದಿಲ್ಲ. ಆಕ್ಷೇಪಿಸುವವರು ಭೂಪಟ ತೆರೆಯಲಿ: ರಾಜಧಾನಿ ಪಿಯರ್‌ಗೆ ಇಂಟರ್‌ಸ್ಟೇಟ್ ಹೆದ್ದಾರಿಯೇ ಇಲ್ಲ, ಸೋತ ಮಿಚೆಲ್‌ನ ಮಗ್ಗುಲಲ್ಲೇ ಐ-90 ಹಾದುಹೋಗುತ್ತದೆ. ಸೋತದ್ದನ್ನು ಮುಚ್ಚಿಡದೆ, ವರ್ಷಾವರ್ಷ ಕಿತ್ತು ಮತ್ತೆ ಮೊಳೆ ಹೊಡೆಯುವ ಊರನ್ನು ನೋಡಲು ಲಕ್ಷಾಂತರ ಜನ ಇಳಿಯುತ್ತಾರೆ.

ವಿಧಿ ನಿಷೇಧಗಳು

ಗೋಡೆಯಿಂದ ದೂರ ನಿಂತು ಸೆಲ್ಫಿ ತೆಗೆದು ಹೊರಡತಕ್ಕದ್ದಲ್ಲ. ಹತ್ತಿರ ಹೋಗಿ ತೆನೆಯನ್ನು ಒಂದೊಂದಾಗಿ ನೋಡತಕ್ಕದ್ದು, ಮುಟ್ಟತಕ್ಕದ್ದಲ್ಲ. ಕಾರ್ನೆಗಿ ಗ್ರಂಥಾಲಯದ ಹಳೆಯ ಕಟ್ಟಡಕ್ಕೆ ಹೋಗಿ, ಅದರ ಗುಮ್ಮಟದ ಒಳಮೈಗೆ ಆಸ್ಕರ್ ಹೋವ್ 1940ರಲ್ಲಿ ಬರೆದ ಚಿತ್ರವನ್ನು ಕತ್ತೆತ್ತಿ ನೋಡತಕ್ಕದ್ದು. ಸ್ಪಾಂಡಿಲೈಟಿಸ್ ಇದ್ದವರು ಕುರ್ಚಿ ಕೇಳಬಹುದು.

ಬಳಿಕ ಕೆರೆಯಂಚಿನ ಪ್ರಿಹಿಸ್ಟಾರಿಕ್ ಇಂಡಿಯನ್ ವಿಲೇಜ್ ಕಡ್ಡಾಯ. ಸುಮಾರು ಸಾವಿರ ವರ್ಷದ ಹಿಂದೆ ಅಲ್ಲಿ ಮಣ್ಣಿನ ಮನೆಗಳಲ್ಲಿ ಬದುಕಿದ ಜನ ಕಾಡೆಮ್ಮೆ ಬೇಟೆಯಾಡುತ್ತಿದ್ದರು, ಮೆಕ್ಕೆಜೋಳ ಬೆಳೆಯುತ್ತಿದ್ದರು. ಅವರ ನೆಲೆಯ ಮೇಲೆ ಗುಮ್ಮಟದಂಥ ಸೂರು ಹಾಕಿ, ಅದರಡಿ ಬೇಸಿಗೆಯಲ್ಲಿ ಉತ್ಖನನ ನಡೆಸುತ್ತಾರೆ. 1892ರಲ್ಲಿ ಮಿಚೆಲ್‌ನವರು ಹೆಣಗಿ ಸಾಬೀತುಪಡಿಸಿದ ವಿಷಯ ಶತಮಾನಗಳ ಮೊದಲೇ ಇತ್ಯರ್ಥವಾಗಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೆ.

ಫಲಶ್ರುತಿ

ಕನ್ನಡಿಗರಿಗೆ ಇದರಿಂದೇನು ಎಂದು ಕೇಳುವವರಿಗೆ ಉತ್ತರವಿದೆ. 1961ರಲ್ಲಿ ಕೆನಡಿ ಸರ್ಕಾರದ ಫುಡ್ ಫಾರ್ ಪೀಸ್ ಯೋಜನೆಗೆ ನಿರ್ದೇಶಕರಾದವರು ಇದೇ ಮೆಕ್‌ಗವರ್ನ್. ಕೇರ್ ಸಂಸ್ಥೆಯ ಮೂಲಕ ನಮ್ಮ ಸರ್ಕಾರಿ ಶಾಲೆಗಳಿಗೆ ಬರುತ್ತಿದ್ದ ಹಿಟ್ಟು, ಹಾಲಿನ ಪುಡಿಗಳು ಆ ಯೋಜನೆಯ ಬಾಬತ್ತು. ಬೆಲ್ ಹೊಡೆದ ಮೇಲೆ ತಟ್ಟೆ ಹಿಡಿದು ಸಾಲಿನಲ್ಲಿ ಕೂತು ಹಳದಿ ಉಪ್ಪಿಟ್ಟು ತಿಂದವರಲ್ಲಿ ಎಷ್ಟೋ ಮಂದಿ ಈಗ ಮಗನ ವ್ಯಾನಿನ ಹಿಂದಿನ ಸೀಟಿನಲ್ಲಿ ಐ-90ರ ಮೇಲೆ ಹೋಗುತ್ತಿದ್ದಾರೆ. ಮಿಚೆಲ್ ಬಂದಾಗ ಅವರಿಗೆ ನಿದ್ದೆ ಹತ್ತಿರುತ್ತದೆ.

ಆದ್ದರಿಂದ ಗಾಡಿ ಓಡಿಸುವ ಮಕ್ಕಳಲ್ಲಿ ವಿನಂತಿ: ಎಕ್ಸಿಟ್ 332ರಲ್ಲಿ ಅಪ್ಪ ಅಮ್ಮನನ್ನು ಎಬ್ಬಿಸಿ. ಇಪ್ಪತ್ತು ನಿಮಿಷ ಸಾಲದು, ಒಂದು ರಾತ್ರಿ ಉಳಿಯಿರಿ. ಅರಮನೆಗೆ ಪ್ರವೇಶ ಉಚಿತ.